ಅಡುಗೆಮನೆಗೆ ಬರಬೇಡ ಅಂತಾರೆ

ಈ ತಿಂಗಳು ಅಂಗವಿಕಲರಿಂದ, ಅವರ ಮನೆಯವರಿಂದ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಯೊಳಗಿನ ವಿಷಯವೇ. ಬಸ್ಸಿನ ಬಗ್ಗೆ ಇಲ್ಲ, ಕಚೇರಿಯ ಮೆಟ್ಟಿಲ ಬಗ್ಗೆ ಇಲ್ಲ. ಏನು ತಿನ್ನಬೇಕು, ಬಾಗಿಲಿಗೆ ಚಿಲಕ ಹಾಕಿಕೊಳ್ಳಬಹುದಾ, ಎಟಿಎಂ ಕಾರ್ಡು ಯಾರ ಹತ್ತಿರ ಇರಬೇಕು, ಇಂಥ ಪ್ರಶ್ನೆಗಳು. ಹೊರಗಿನವರಿಗೆ ಚಿಲ್ಲರೆ ವಿಷಯ ಅನ್ನಿಸಬಹುದು. ನಾನೂ ವೀಲ್‌ಚೇರ್ ಮೇಲಿರುವವಳು, ನನಗೆ ಹಾಗೆ ಅನ್ನಿಸಲಿಲ್ಲ. ಈ ಸಲದ ಅಂಕಣ ಪೂರ್ತಿ ಇದಕ್ಕೇ. ಬರೆದವರೆಲ್ಲ ಅದೇ ಮನೆಯಲ್ಲಿ ಇನ್ನೂ ಇರಬೇಕಾದವರು, ಆದ್ದರಿಂದ ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನನಗೆ 34 ವರ್ಷ. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅಪ್ಪ ಕಟ್ಟಿಸಿದ ಮನೆಯಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ದೇನೆ, ಅಪ್ಪ ಅಮ್ಮ ಈಗಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಡುಗೆಮನೆಗೆ ಮಾತ್ರ ಬಿಡುವುದಿಲ್ಲ. ಒಂದು ಲೋಟ ಕಾಫಿ ಬೇಕಾದರೂ ಯಾರಾದರೂ ಎದ್ದು ಬರುವ ತನಕ ಕಾಯಬೇಕು. "ಸುಟ್ಟುಕೊಂಡರೆ ಯಾರು ಜವಾಬ್ದಾರಿ?" ಅಂತಾನೆ ಅಣ್ಣ. ನಾನು ಕೇಳುತ್ತಿರುವುದು ಜಾಸ್ತಿ ಆಯ್ತಾ? (ಹಾಸನ)

ಉತ್ತರ: ಇಲ್ಲ, ಜಾಸ್ತಿ ಆಗಿಲ್ಲ. ಕಾಫಿ ಯಾವಾಗ ಬೇಕು ಅಂತ ನಿಮಗೇ ಗೊತ್ತಿರುವಾಗ ಅದಕ್ಕೆ ಇನ್ನೊಬ್ಬರ ಬಿಡುವು ಕಾಯುವುದು ಎಷ್ಟು ಹಿಂಸೆ ಅಂತ ಅದನ್ನು ಅನುಭವಿಸದವರಿಗೆ ಹೇಳಿ ಅರ್ಥ ಮಾಡಿಸೋದು ಕಷ್ಟ.

ಆದರೆ ನಿಮ್ಮ ಅಣ್ಣನ ಭಯ ಪೂರ್ತಿ ಸುಳ್ಳಲ್ಲ, ಮೊದಲು ಅದನ್ನು ನೋಡೋಣ. ವೀಲ್‌ಚೇರ್‌ನಲ್ಲಿ ಎರಡೂ ಕೈ ಚಕ್ರದ ಮೇಲೆ ಇರಬೇಕು. ಹಾಗಾಗಿ ಬಿಸಿ ಪಾತ್ರೆಗೆ ಸಿಗುವ ಜಾಗ ಒಂದೇ, ತೊಡೆ. ನಮ್ಮಲ್ಲಿ ಸುಮಾರು ಜನ ಮಾಡುವ ಕೆಲಸ ಇದು. ಸ್ಪರ್ಶ ಇಲ್ಲದ ತೊಡೆಗೆ ಉರಿ ಗೊತ್ತಾಗುವುದಿಲ್ಲ. ರಾತ್ರಿ ಬಟ್ಟೆ ಬದಲಾಯಿಸುವಾಗ ನೋಡಿದರೆ ಅಂಗೈಯಗಲ ಬೊಕ್ಕೆ ಎದ್ದಿರುತ್ತದೆ, ಅದು ವಾಸಿಯಾಗೋಕೆ ವಾರಗಟ್ಟಲೆ ಬೇಕು. ಆದ್ದರಿಂದ ಒಲೆಯಿಂದ ಇಳಿಸಿದ್ದು ಯಾವುದೂ ತೊಡೆ ಮೇಲೆ ಬರಕೂಡದು. ಪಾತ್ರೆಯನ್ನು ಕಟ್ಟೆ ಮೇಲೆಯೇ ಸರಿಸಿ. ಬೇರೆ ಕಡೆ ಒಯ್ಯಲೇಬೇಕಾದರೆ ಕಾಫಿಯನ್ನು ಫ್ಲಾಸ್ಕಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

ಎರಡನೆಯದು ಕಟ್ಟೆ. ನಮ್ಮ ಅಡುಗೆ ಕಟ್ಟೆಗಳು ನಿಂತು ಮಾಡುವವರಿಗೆ ಕಟ್ಟಿದವು. ಕೂತವರಿಗೆ ಪಾತ್ರೆಯ ಒಳಗೆ ಏನಾಗುತ್ತಿದೆ ಅಂತಲೇ ಕಾಣುವುದಿಲ್ಲ, ಕೈ ಎತ್ತಿ ಉರಿ ದಾಟಿಸಬೇಕಾಗುತ್ತದೆ. ಅಪಾಯ ಇರುವುದು ಅಲ್ಲಿ, ನಿಮ್ಮ ಕಾಲಿನಲ್ಲಿ ಅಲ್ಲ. ಕಟ್ಟೆ ಒಡೆಸುವುದೆಲ್ಲ ಸದ್ಯಕ್ಕೆ ಬೇಡ. ಅಲ್ಲಾಡದ ಒಂದು ಮೇಜು, ಸುಮಾರು ಎರಡೂವರೆ ಅಡಿ ಎತ್ತರದ್ದು, ಕೆಳಗೆ ಮಂಡಿ ಹೋಗುವಷ್ಟು ಜಾಗ, ಮೇಲೆ ಇಂಡಕ್ಷನ್ ಒಲೆ. ಅದರಲ್ಲಿ ಬೆಂಕಿ ಇಲ್ಲ, ದುಪಟ್ಟಾ ಹತ್ತಿಕೊಳ್ಳುವ ಭಯ ಇಲ್ಲ, ಗುಂಡಿಗಳು ಮುಂದೆಯೇ ಇರುತ್ತವೆ. ಪಾತ್ರೆ ಇಳಿಸಿದ ಮೇಲೂ ಒಲೆಯ ಗಾಜು ಬಿಸಿ ಇರುತ್ತದೆ, ಅದೊಂದು ನೆನಪಿರಲಿ.

ಇದನ್ನೆಲ್ಲ ಯಾರ ಹತ್ತಿರ ಮಾತಾಡುತ್ತೀರಿ? ಅಣ್ಣನ ಹತ್ತಿರ ಅಂತ ಬರೆದಿದ್ದೀರಿ. ಅಡುಗೆಮನೆ ವಿಷಯ ಅಣ್ಣನ ಹತ್ತಿರ ಮಾತಾಡಿ ಏನು ಪ್ರಯೋಜನ? ಅತ್ತಿಗೆ ಹತ್ತಿರ ಕೂತು ಮಾತಾಡಿ. ಅವರ ಜಾಗಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ ಅನ್ನೋ ಕಸಿವಿಸಿ ಅವರಿಗೂ ಇರಬಹುದು, ಅದು ಎಲ್ಲಾ ಮನೆಯಲ್ಲೂ ಇರೋದೇ. "ಸಂಜೆ ಕಾಫಿ ನನ್ನದು, ನಿಮಗೂ ನಾನೇ ಮಾಡಿಕೊಡ್ತೀನಿ" ಅಂತ ಅಲ್ಲಿಂದ ಶುರು ಮಾಡಿ.

ಇನ್ನು ಕಾನೂನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ನಮಗೆ ಎಲ್ಲರ ನಡುವೆ ಬದುಕುವ ಹಕ್ಕು ಕೊಟ್ಟಿದೆ, ಇಂಥದ್ದೇ ಏರ್ಪಾಡಿನಲ್ಲಿ ಇರಬೇಕು ಅಂತ ಯಾರನ್ನೂ ಕಟ್ಟಿಹಾಕುವ ಹಾಗಿಲ್ಲ. 2007ರಲ್ಲಿ ಭಾರತ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯ 19ನೇ ವಿಧಿಯಿಂದ ಬಂದ ಮಾತು ಇದು. ಕಾಯ್ದೆ ಬಂದು ನಿಮಗೆ ಕಾಫಿ ಕಾಸಿ ಕೊಡುವುದಿಲ್ಲ, ನಿಜ. ಆದರೆ ಇನ್ನೊಂದು ಕಾಯ್ದೆ ನಿಮ್ಮ ಕೈಯಲ್ಲಿ ಗಟ್ಟಿಯಾಗಿದೆ. ಮನೆ ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಉಯಿಲು ಬರೆದಿಟ್ಟಿಲ್ಲ ಅಂತಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಅದರ 28ನೇ ಸೆಕ್ಷನ್ ಕಾಯಿಲೆ, ಊನ ಅಂತ ಹೇಳಿ ಯಾರ ಪಾಲನ್ನೂ ತಪ್ಪಿಸುವ ಹಾಗಿಲ್ಲ ಅನ್ನುತ್ತದೆ. ಅಂದರೆ ನೀವಿರುವುದು ಅಣ್ಣನ ಮನೆಯಲ್ಲಲ್ಲ, ನಿಮ್ಮ ಪಾಲೂ ಇರುವ ಮನೆಯಲ್ಲಿ. ಇದನ್ನು ನಾಳೆಯೇ ಎತ್ತಿ ಜಗಳ ಆಡಿ ಅಂತಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಮಾತ್ರ, ಯಾರು ಎಷ್ಟು ಪ್ರೀತಿಯಿಂದ ಪೆನ್ನು ಕೊಟ್ಟರೂ, ವಕೀಲರನ್ನು ಕೇಳದೆ ಸಹಿ ಹಾಕಬೇಡಿ.

ಪ್ರಶ್ನೆ: ನನ್ನ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಸರ್ಕಾರದ ಮಾಸಾಶನ ಅವನ ಖಾತೆಗೆ ಬರುತ್ತದೆ, ಎಟಿಎಂ ಕಾರ್ಡು ನನ್ನ ಹತ್ತಿರ ಇದೆ. ಅವನ ಊಟ, ಬಟ್ಟೆ, ಔಷಧಿ ಎಲ್ಲಾ ನಾವೇ ನೋಡುವುದು. ಈಗ ಯಾರೋ ಹೇಳಿಕೊಟ್ಟು ಕಾರ್ಡು ಕೊಡು ಅಂತಿದ್ದಾನೆ. ಕೊಡಬೇಕಾ? (ಚಿತ್ರದುರ್ಗ)

ಉತ್ತರ: ಕೊಡಬೇಕು. ಇವತ್ತೇ ಕೊಡಿ, ಪಿನ್ ನಂಬರನ್ನೂ ಅವರೇ ಬದಲಾಯಿಸಿಕೊಳ್ಳಲಿ.

ದುಡ್ಡು ಅವರ ಹೆಸರಿಗೆ ಬರುವುದು, ಹಾಗಾಗಿ ಅವರದ್ದು. ಮನೆ ಖರ್ಚಿಗೆ ಅವರ ಪಾಲು ಬೇಕಾದರೆ ಮುಖ ನೋಡಿ ಕೇಳಿ, ದುಡಿಯುವ ತಮ್ಮ ಆಗಿದ್ದರೆ ಹೇಗೆ ಕೇಳುತ್ತಿದ್ದಿರೋ ಹಾಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ತನ್ನ ಹಣದ ವ್ಯವಹಾರ ನೋಡಿಕೊಳ್ಳುವ ಹಕ್ಕು ಅವರಿಗೆ ಎಲ್ಲರಷ್ಟೇ ಇದೆ. ಬೆಂಬಲ ಕೊಡುವವರಿಗೇ ಆ ವ್ಯವಹಾರದಲ್ಲಿ ಲಾಭ ಇದ್ದರೆ ಅವರು ಅದರಿಂದ ಹಿಂದೆ ಸರಿಯಬೇಕು ಅಂತಲೂ ಅಲ್ಲಿ ಬರೆದಿದೆ. ಮತ್ತೆ, "ಯಾರೋ ಹೇಳಿಕೊಟ್ಟು" ಅಂತ ಬರೆದಿದ್ದೀರಲ್ಲ, ಅದನ್ನು ಇನ್ನೊಮ್ಮೆ ಓದಿಕೊಳ್ಳಿ. ಅವರಿಗೇ ಹೊಳೆದಿರಬಾರದಾ?

ಪ್ರಶ್ನೆ: ನಮ್ಮ ಮಗನಿಗೆ ಡೌನ್ ಸಿಂಡ್ರೋಮ್ ಇದೆ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ, ಈಗ 26 ವರ್ಷ. ಈಚೆಗೆ ಎಲ್ಲದಕ್ಕೂ ಹಟ. ಕೋಣೆ ಬಾಗಿಲು ಹಾಕಿಕೊಳ್ಳಬೇಕು ಅಂತಾನೆ. ಮೊನ್ನೆ ನೆಂಟರ ಮದುವೆಗೆ ಆರ್‌ಸಿಬಿ ಟೀಶರ್ಟ್ ಹಾಕಿಕೊಂಡೇ ಬರ್ತೀನಿ ಅಂತ ಕೂತುಬಿಟ್ಟ. ನಾವು ಅವನ ಗಾರ್ಡಿಯನ್ ಅಲ್ವಾ, ಅವನ ಪರವಾಗಿ ನಾವು ತೀರ್ಮಾನ ಮಾಡಬಾರದಾ? (ಮೈಸೂರು)

ಉತ್ತರ: ಟೀಶರ್ಟ್ ವಿಷಯ ಮೊದಲು ಮುಗಿಸೋಣ. 26ರ ಹುಡುಗ ಆರ್‌ಸಿಬಿ ಟೀಶರ್ಟ್ ಹಾಕಿಕೊಂಡು ಮದುವೆಗೆ ಬಂದರೆ ಕರ್ನಾಟಕದಲ್ಲಿ ಯಾರೂ ತಿರುಗಿ ನೋಡೋದಿಲ್ಲ. ಬಿಟ್ಟುಬಿಡಿ.

ಗಾರ್ಡಿಯನ್ ವಿಷಯ ಸ್ವಲ್ಪ ದೊಡ್ಡದು. ಮಗನಿಗೆ 18 ತುಂಬಿದ ಮೇಲೆ ನೀವು ತಾನಾಗಿಯೇ ಅವನ ಕಾನೂನುಬದ್ಧ ಪಾಲಕರಾಗಿ ಉಳಿಯುವುದಿಲ್ಲ. ಸುಮಾರು ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುವುದಿಲ್ಲ, ಬ್ಯಾಂಕಿನಲ್ಲೋ ಆಸ್ತಿ ನೋಂದಣಿಯಲ್ಲೋ ಯಾರಾದರೂ ತಡೆದಾಗಲೇ ಗೊತ್ತಾಗುವುದು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹು ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಜಿಲ್ಲಾಧಿಕಾರಿ ಅದರಲ್ಲಿ ಇರುತ್ತಾರೆ. ಇವರಿಗೆ ಪಾಲಕರು ನಿಜಕ್ಕೂ ಬೇಕಾ, ಬೇಕಾದರೆ ಯಾವ ಕೆಲಸಕ್ಕೆ ಅಂತ ಸಮಿತಿ ನೋಡಬೇಕು. 2016ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ಹೇಳುವುದು ಸೀಮಿತ ಪಾಲಕತ್ವ: ಇಂಥ ತೀರ್ಮಾನಕ್ಕೆ, ಇಷ್ಟು ಅವಧಿಗೆ, ಅದೂ ಪಾಲಕರೂ ಆ ವ್ಯಕ್ತಿಯೂ ಸೇರಿ, ಆ ವ್ಯಕ್ತಿಯ ಇಷ್ಟಕ್ಕೆ ತಕ್ಕ ಹಾಗೆ. ಆಸ್ತಿ ಪತ್ರಕ್ಕೆ ನಿಮಗೆ ಅಧಿಕಾರ ಸಿಕ್ಕರೆ ಅಂಗಿ ಬಣ್ಣಕ್ಕೂ ಸಿಕ್ಕಿತು ಅಂತಲ್ಲ.

ಚಿಲಕಕ್ಕೆ ಒಂದು ದಾರಿ ಇದೆ. ಒಳಗಿನಿಂದ ಹಾಕಿಕೊಳ್ಳುವ, ಆದರೆ ತುರ್ತು ಬಿದ್ದರೆ ಹೊರಗಿನಿಂದ ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುವ ಲಾಕು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬಾತ್‌ರೂಮಿಗೆ ಹಾಕ್ತಾರಲ್ಲ, ಅಂಥದ್ದು. ಹಾಕಿಸಿ. ಹಾಕಿಸಿದ ಮೇಲೆ ಸುಮ್ಸುಮ್ನೆ ನಾಣ್ಯ ಹಿಡಿದುಕೊಂಡು ಹೋಗಬೇಡಿ. ಬಾಗಿಲು ತಟ್ಟಿ, ಕಾಯಿರಿ.

ಇನ್ನು ತೀರ್ಮಾನ ತೆಗೆದುಕೊಳ್ಳುವುದು. "ನಿನಗೆ ಏನು ಬೇಕು?" ಅಂತ ಒಮ್ಮೆಲೇ ಕೇಳಿದರೆ ಯಾರಿಗಾದರೂ ತಬ್ಬಿಬ್ಬಾಗುತ್ತದೆ. ಎರಡೋ ಮೂರೋ ಮುಂದಿಡಿ, ಫೋಟೊ ತೋರಿಸಿ, ಹಿಂದಿನ ಸಲ ಏನಾಯ್ತು ನೆನಪಿಸಿ, ಉತ್ತರಕ್ಕೆ ಸಮಯ ಕೊಡಿ. ನಿಮಗೆ ಬೇಕಾದ ಉತ್ತರ ಬರುವ ತನಕ ಅದೇ ಪ್ರಶ್ನೆ ತಿರುಗಿಸಿ ತಿರುಗಿಸಿ ಕೇಳುವುದಿದೆಯಲ್ಲ, ಅದೊಂದು ಬೇಡ. ಕೆಲವು ಸಲ ತಪ್ಪು ಆಯ್ಕೆ ಮಾಡುತ್ತಾನೆ. ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಹೋಗಿ ಬೆವರಿ ವಾಪಸ್ ಬರುತ್ತಾನೆ. ಬರಲಿ. ನಿಮ್ಮ ದೊಡ್ಡ ಮಗನೋ ಮಗಳೋ ಇದ್ದರೆ ಅವರು ಮಾಡಿದ ತಪ್ಪುಗಳ ಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ.

ಪ್ರಶ್ನೆ: ನಾನು ಶಾಲೆಯಲ್ಲಿ ಮೇಷ್ಟ್ರು, ಕಣ್ಣು ಕಾಣುವುದಿಲ್ಲ. ಅವ್ವ ದಿನಾ ಸಾಮಾನು ಎತ್ತಿ ಬೇರೆ ಕಡೆ ಇಡುತ್ತಾಳೆ, ಸ್ವಚ್ಛ ಮಾಡಿದೆ ಅಂತಾಳೆ. ತಮ್ಮ ನನ್ನ ಫೋನಿನ ಮೆಸೇಜು ಓದಿ ಹೇಳುತ್ತಾನೆ, ಹೆಂಡತಿ ಕಳಿಸಿದ್ದನ್ನೂ ಓದುತ್ತಾನೆ. ಬ್ಯಾಂಕಿನಲ್ಲಿ ಚೆಕ್ ಬುಕ್ ಕೇಳಿದರೆ ಮನೆಯವರನ್ನು ಕರೆದುಕೊಂಡು ಬನ್ನಿ ಅಂತಾರೆ. (ಹುಬ್ಬಳ್ಳಿ)

ಉತ್ತರ: ಹೆಂಡತಿ ಕಳಿಸಿದ್ದನ್ನು ತಮ್ಮ ಓದುವುದಾ! ಇವತ್ತೇ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಳ್ಳಿ, ಐಫೋನ್ ಆದರೆ ವಾಯ್ಸ್‌ಓವರ್. ಪರದೆ ಮೇಲೆ ಇರುವುದನ್ನು ಫೋನೇ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಇಯರ್‌ಫೋನ್ ಮರೆಯಬೇಡಿ, ಇಲ್ಲದಿದ್ದರೆ ತಮ್ಮನ ಬದಲು ಓಣಿಗೆಲ್ಲ ಕೇಳಿಸುತ್ತದೆ.

ಬ್ಯಾಂಕಿನವರು ಹೇಳಿದ್ದು ತಪ್ಪು. ದೃಷ್ಟಿ ಇಲ್ಲದವರಿಗೂ ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್ ಎಲ್ಲವನ್ನೂ ಭೇದ ಮಾಡದೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಅದರ ಪ್ರತಿ ತೆಗೆದುಕೊಂಡು ಹೋಗಿ, ಕೊಡುವುದಿಲ್ಲ ಅಂದರೆ ಹಾಗಂತ ಬರೆದುಕೊಡಿ ಅನ್ನಿ. ಬರೆದುಕೊಡಿ ಅಂದ ಕೂಡಲೇ ಅರ್ಧ ಜನ ಮೆತ್ತಗಾಗುತ್ತಾರೆ.

ಅವ್ವನಿಗೆ ಪೂರ್ತಿ ಪಟ್ಟಿ ಕೊಟ್ಟರೆ ಆಗಲಿಕ್ಕಿಲ್ಲ. ಮೂರೇ ಮಾತು ಹೇಳಿ. ಕುರ್ಚಿಯನ್ನು ಮೇಜಿನ ಒಳಗೆ ತಳ್ಳಿಡಬೇಕು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಕೈಗೆ ಸಿಗದೆ ನೇರ ಹಣೆಗೆ ಬಡಿಯುತ್ತದೆ. ಮೂರನೆಯದು, ನಿಮ್ಮ ಮೇಜಿನ ಮೇಲಿನದ್ದನ್ನು ಮುಟ್ಟಬಾರದು, ಧೂಳು ಬಿದ್ದಿದ್ದರೂ. ಆ ಮೇಜು ಒರೆಸುವ ಕೆಲಸ ನೀವೇ ಮಾಡಿ, ಆಗ ಅವ್ವನಿಗೆ ಎತ್ತಿಡಲು ನೆಪ ಸಿಗುವುದಿಲ್ಲ.

ಪ್ರಶ್ನೆ: ಮಗಳಿಗೆ 19 ವರ್ಷ, ಬುದ್ಧಿ ಬೆಳವಣಿಗೆ ಕಡಿಮೆ. ಮುಟ್ಟಾದಾಗ ಬಹಳ ಕಷ್ಟ, ಬಟ್ಟೆ ಕಿತ್ತು ಎಸೆಯುತ್ತಾಳೆ. ಗರ್ಭಕೋಶ ತೆಗೆಸಿಬಿಡು, ನಿನಗೂ ನೆಮ್ಮದಿ, ಮುಂದೆ ಏನಾದರೂ ಆದರೂ ಭಯ ಇಲ್ಲ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. (ಕಲಬುರಗಿ)

ಉತ್ತರ: ನಿಮ್ಮ ಮನಸ್ಸು ಹೇಳುತ್ತಿರುವುದೇ ಸರಿ ಅಮ್ಮ. ತೆಗೆಸಬೇಡಿ.

"ಮುಂದೆ ಏನಾದರೂ ಆದರೂ" ಅಂದರೆ ಏನು ಅಂತ ನಿಮಗೂ ಗೊತ್ತು, ಹೇಳಿದವರಿಗೂ ಗೊತ್ತು. ಗರ್ಭಕೋಶ ತೆಗೆದರೆ ಅವಳ ಮೇಲೆ ಕೈ ಹಾಕುವವನು ನಿಲ್ಲುವುದಿಲ್ಲ. ಅವಳು ಬಸಿರಾಗುವುದಿಲ್ಲ ಅಂತ ಗೊತ್ತಾದರೆ ಅವನಿಗೆ ಧೈರ್ಯ ಇನ್ನೂ ಜಾಸ್ತಿ. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಹೇಗೆ ಕಿರುಚಬೇಕು, ಯಾರಿಗೆ ಬಂದು ಹೇಳಬೇಕು ಅಂತ ಅವಳಿಗೆ ಕಲಿಸುವುದು ಕಾಪಾಡುವ ದಾರಿ.

1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಆಶ್ರಯಮನೆಯಲ್ಲಿದ್ದ ಇಂಥ ಹೆಣ್ಣುಮಕ್ಕಳಿಗೆ ಗರ್ಭಕೋಶ ತೆಗೆಸಿದಾಗ ದೇಶದ ತುಂಬಾ ಗಲಾಟೆ ಆಗಿತ್ತು. ಆಗಲೂ ಕೊಟ್ಟ ಕಾರಣ ಮುಟ್ಟಿನ ಸ್ವಚ್ಛತೆಯೇ. 2009ರಲ್ಲಿ ಚಂಡೀಗಢದ ಒಬ್ಬ ಹೆಣ್ಣುಮಗಳ ಪ್ರಕರಣದಲ್ಲಿ, ಬೌದ್ಧಿಕ ಅಂಗವೈಕಲ್ಯ ಇದೆ ಅನ್ನೋ ಕಾರಣಕ್ಕೆ ಅವಳ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಈಗ 2016ರ ಕಾಯ್ದೆಯ 10ನೇ ಸೆಕ್ಷನ್ ಇದೆ. ವಿಷಯ ತಿಳಿದು, ಸ್ವಂತ ಇಷ್ಟದಿಂದ ಕೊಟ್ಟ ಒಪ್ಪಿಗೆ ಇಲ್ಲದೆ, ಮಕ್ಕಳಾಗದ ಹಾಗೆ ಮಾಡುವ ಚಿಕಿತ್ಸೆ ಕೊಡುವ ಹಾಗಿಲ್ಲ. ಸಂಬಂಧಿಕರಿಗೆ ಇಷ್ಟು ಹೇಳಿದರೆ ಸಾಕು.

ದಿನದ ಕಷ್ಟಕ್ಕೆ ಬರೋಣ. ಬಟ್ಟೆ ಕಿತ್ತು ಎಸೆಯುವುದು ಹಟಕ್ಕೇ ಅಂತ ಅಂದುಕೊಳ್ಳಬೇಡಿ, ಒದ್ದೆ, ಚುಚ್ಚುವುದು, ಹೊಟ್ಟೆನೋವು ಯಾವುದೂ ಇರಬಹುದು. ಒಳಗೆ ಮೆತ್ತನೆ ಹತ್ತಿ ಇರುವ ಪ್ಯಾಡಿಗೆ ಬದಲಾಯಿಸಿ ನೋಡಿ. ಮುಟ್ಟು ಇಲ್ಲದ ದಿನಗಳಲ್ಲೂ ದಿನಕ್ಕೆ ಸ್ವಲ್ಪ ಹೊತ್ತು ಒಣ ಪ್ಯಾಡ್ ಹಾಕಿಸಿ ಅಭ್ಯಾಸ ಮಾಡಿಸಿ. ಗೊಂಬೆಗೆ ಹಾಕಿ ತೋರಿಸಿ. ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆಯನ್ನು ಅವಳ ಕೈಯಲ್ಲೇ ಹಾಕಿಸಿ, ಬರುವುದು ಮೊದಲೇ ಗೊತ್ತಾದರೆ ಗಾಬರಿ ಕಡಿಮೆ. ಸ್ರಾವ ತುಂಬಾ ಇದ್ದರೆ, ನೋವಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಆಪರೇಷನ್ ಅಲ್ಲದ ಔಷಧಿಗಳಿವೆ, ಅದನ್ನೇ ಬಾಯಿಬಿಟ್ಟು ಕೇಳಿ. ಮತ್ತೆ, ಸಲಹೆ ಕೊಟ್ಟ ಸಂಬಂಧಿಕರಲ್ಲಿ ಯಾರಾದರೊಬ್ಬ ಹೆಂಗಸು ತಿಂಗಳಲ್ಲಿ ಎರಡು ದಿನ ಬಂದು ನಿಮ್ಮ ಜೊತೆ ಇರಲಿ. ನೆಮ್ಮದಿ ಬೇಕಾಗಿರುವುದು ನಿಮಗೆ ಅಲ್ವಾ, ಅದನ್ನು ಅವರೂ ಸ್ವಲ್ಪ ಕೊಡಲಿ.

ಪ್ರಶ್ನೆ: ನನಗೆ ಮಸ್ಕ್ಯುಲರ್ ಡಿಸ್ಟ್ರೋಫಿ, ಸ್ನಾಯುಗಳು ಬಲ ಕಳೆದುಕೊಳ್ಳುತ್ತಾ ಹೋಗುವ ಕಾಯಿಲೆ. ಕೈ ಸ್ವಲ್ಪ ಆಡುತ್ತದೆ, ಎಲೆಕ್ಟ್ರಿಕ್ ವೀಲ್‌ಚೇರ್ ಓಡಿಸುತ್ತೇನೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಈಗ ಶಿರಸಿಯ ಮನೆಯಿಂದಲೇ ಮಾಡುತ್ತಿದ್ದೇನೆ. ಬೆಂಗಳೂರಿಗೆ ಹೋಗಿ ಸಹಾಯಕರನ್ನು ಇಟ್ಟುಕೊಂಡು ಬೇರೆ ಇರಬೇಕು ಅಂತ ಆಸೆ. "ಒಂದು ಲೋಟ ನೀರು ಎತ್ತಿ ಕುಡಿಯೋಕೆ ಆಗದವನು ಒಬ್ಬನೇ ಹೇಗೆ ಇರ್ತೀಯಾ?" ಅಂತಾರೆ ಆಯಿ. (ಶಿರಸಿ)

ಉತ್ತರ: ಆಯಿಗೆ ಎಡ್ ರಾಬರ್ಟ್ಸ್ ಕತೆ ಹೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದವರು. 14ನೇ ವಯಸ್ಸಿಗೆ ಪೋಲಿಯೊ ಬಂದು ಕುತ್ತಿಗೆಯ ಕೆಳಗೆ ಹೆಚ್ಚುಕಡಿಮೆ ಏನೂ ಆಡುತ್ತಿರಲಿಲ್ಲ, ರಾತ್ರಿ ಉಸಿರಾಟಕ್ಕೆ ಕಬ್ಬಿಣದ ದೊಡ್ಡ ಯಂತ್ರದೊಳಗೆ ಮಲಗಬೇಕಿತ್ತು. ಇವರಿಂದ ಕೆಲಸ ಸಾಧ್ಯವೇ ಇಲ್ಲ ಅಂತ ಅಲ್ಲಿನ ಪುನರ್ವಸತಿ ಇಲಾಖೆ ಷರಾ ಬರೆದಿತ್ತು. ಅವರು 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದರು, ಆ ಯಂತ್ರ ಹಿಡಿಸುವ ಕೋಣೆ ಹಾಸ್ಟೆಲಿನಲ್ಲಿ ಇಲ್ಲದ್ದಕ್ಕೆ ಕ್ಯಾಂಪಸ್ ಆಸ್ಪತ್ರೆಯ ಒಂದು ಭಾಗದಲ್ಲಿ ಉಳಿದರು. ಅವರ ಹಿಂದೆ ಇನ್ನೂ ಕೆಲವರು ಅಂಥವರೇ ಬಂದರು. ಅಂಗಿ ಗುಂಡಿ ಹಾಕುವವರು ಬೇರೆ, ಊಟ ಮಾಡಿಸುವವರು ಬೇರೆ, ಆದರೆ ಯಾವ ಅಂಗಿ, ಎಷ್ಟು ಹೊತ್ತಿಗೆ ಊಟ, ಯಾರನ್ನು ಕೆಲಸಕ್ಕೆ ಇಡಬೇಕು, ಯಾರನ್ನು ಬಿಡಿಸಬೇಕು ಅಂತ ಹೇಳುತ್ತಿದ್ದವರು ಇವರು. 1972ರಲ್ಲಿ ಅಲ್ಲಿಂದಲೇ ಇಂಡಿಪೆಂಡೆಂಟ್ ಲಿವಿಂಗ್ ಕೇಂದ್ರ, ಅಂದರೆ ಅಂಗವಿಕಲರು ಸ್ವತಂತ್ರವಾಗಿ ಬದುಕಲು ನೆರವಾಗುವ ಕೇಂದ್ರ, ಶುರುವಾಯಿತು. 1975ರಲ್ಲಿ, ಕೆಲಸಕ್ಕೆ ಆಗದವನು ಅಂದಿದ್ದ ಅದೇ ಇಲಾಖೆಗೆ ಅವರೇ ನಿರ್ದೇಶಕರಾಗಿ ಹೋಗಿ ಕೂತರು. ನನಗೆ ಯಾವಾಗಲೂ ಖುಷಿ ಕೊಡುವ ಭಾಗ ಇದು.

ನಮ್ಮಲ್ಲಿ? 2016ರ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ ಮನೆಯಲ್ಲೇ ಸಿಗುವ ಬೆಂಬಲ, ವೈಯಕ್ತಿಕ ಸಹಾಯಕರು ಎಲ್ಲಾ ಬರೆದಿದೆ, ಆದರೆ ಸರ್ಕಾರ ಅದಕ್ಕೆ "ಪ್ರಯತ್ನಿಸಬೇಕು" ಅಂತ ಬರೆದಿದೆ. ಪ್ರಯತ್ನಿಸುತ್ತಾ ಇರುತ್ತಾರೆ. ಜಾಸ್ತಿ ಬೆಂಬಲ ಬೇಕಾದವರು 38ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಬಹುದು, ಹಾಕಿ. ಸಂಬಳ ಮಾತ್ರ ಸದ್ಯಕ್ಕೆ ನಿಮ್ಮ ಜೇಬಿನಿಂದಲೇ ಅಂತ ಲೆಕ್ಕ ಇಟ್ಟುಕೊಳ್ಳಿ. ಸಂಬಳ ಇರುವ ಕೆಲಸ ಇರುವುದು ದೊಡ್ಡ ಅನುಕೂಲ, ಎಷ್ಟೋ ಜನಕ್ಕೆ ಅದೂ ಇಲ್ಲ.

ಹೋಗುವ ಮೊದಲು ಕೆಲವು ಕೆಲಸ. ಒಬ್ಬರನ್ನೇ ನಂಬಬೇಡಿ, ಅವರ ಊರಲ್ಲಿ ಜಾತ್ರೆ ಇದ್ದೇ ಇರುತ್ತದೆ. ಇಬ್ಬರು ಬೇಕು, ಮೂರನೆಯವರ ನಂಬರೂ ಇರಲಿ. ಹಾಸಿಗೆಯಿಂದ ಕುರ್ಚಿಗೆ ಎತ್ತುವ ಕ್ರಮವನ್ನು, ಕೈ ಎಲ್ಲಿ ಹಾಕಬೇಕು ಎಲ್ಲಿ ಹಾಕಬಾರದು ಅಂತ, ನಿಮ್ಮದೇ ವಿಡಿಯೊ ಮಾಡಿಟ್ಟುಕೊಳ್ಳಿ, ಹೊಸಬರು ಬಂದಾಗಲೆಲ್ಲ ಬಾಯಲ್ಲಿ ಹೇಳಿ ಸಾಕಾಗುತ್ತದೆ. ರಾತ್ರಿ ಉಸಿರಾಟದ ಯಂತ್ರ ಬಳಸುತ್ತಿದ್ದರೆ ಯುಪಿಎಸ್ ಇಲ್ಲದ ಮನೆ ನೋಡಲೇಬೇಡಿ. ಇನ್ನೊಂದು ಕೀಲಿ ಪಕ್ಕದ ಮನೆಯವರ ಹತ್ತಿರ ಇರಲಿ. ಮೊದಲು ಆಯಿಯನ್ನೂ ಕರೆದುಕೊಂಡು ಹೋಗಿ ಒಂದು ತಿಂಗಳು ಇದ್ದು ನೋಡಿ, ಎರಡನೇ ತಿಂಗಳು ಅವರು ಶಿರಸಿಗೆ ಹೋಗಲಿ.

ಮತ್ತೆ ಒಂದು ವಿಷಯ ಮೊದಲ ದಿನವೇ ಇತ್ಯರ್ಥ ಆಗಬೇಕು. ಆಯಿ ನಿಮ್ಮ ಸಹಾಯಕನಿಗೆ ನೇರ ಫೋನ್ ಮಾಡಿ "ಅವನಿಗೆ ರಾತ್ರಿ ಮೊಸರು ಹಾಕಬೇಡ, ಹತ್ತು ಗಂಟೆಗೆ ಮಲಗಿಸು" ಅನ್ನುವ ಹಾಗಿಲ್ಲ. ಖಂಡಿತ ಅಂತಾರೆ, ಬರೆದಿಟ್ಟುಕೊಳ್ಳಿ. ಅವನಿಗೆ ಮೊದಲೇ ಹೇಳಿಡಿ, ಮೊಸರು ಬೇಕಾ ಬೇಡವಾ ಅಂತ ನನ್ನನ್ನು ಕೇಳು ಅಂತ. ಆಯಿ ಹತ್ತಿರ ಮಾತ್ರ ದಿನಾ ನೀವೇ ಮಾತಾಡಿ. ನಿಮ್ಮ ಫೋನು ಬಂದ ದಿನ ಅವರು ಅವನಿಗೆ ಫೋನ್ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆಗಿ ವೀಲ್‌ಚೇರ್‌ನಲ್ಲಿದ್ದಾರೆ. ಮುಂಬಾಗಿಲಿಗೆ ರ‍್ಯಾಂಪ್ ಹಾಕಿಸೋಣ ಅಂದರೆ ವಾಸ್ತು ಕೆಡುತ್ತದೆ, ಹಿಂದಿನ ಬಾಗಿಲಿಗೆ ಹಾಕಿಸು ಅಂತಾರೆ ಮಾವ. ಏನು ಮಾಡಲಿ? (ತುಮಕೂರು)

ಉತ್ತರ: ಯಜಮಾನರನ್ನು ಕೇಳಿದ್ದೀರಾ? ಪತ್ರದಲ್ಲಿ ಮಾವ ಏನಂತಾರೆ ಅಂತ ಇದೆ, ನೀವು ಏನಂತೀರಿ ಅಂತ ಇದೆ. ಅವರು ಯಾವ ಬಾಗಿಲಿಂದ ಹೊರಗೆ ಹೋಗಬೇಕು ಅಂತಾರೋ ಅಲ್ಲಿಗೆ ಹಾಕಿಸಿ. ಮಾತು ತೊದಲಿದರೂ ಕೈ ತೋರಿಸುತ್ತಾರೆ.

ಮುಂಬಾಗಿಲಿಗೆ ಅಂದರೆ ಜಾಗ ಅಳೆಯಿರಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ತಳ್ಳುವ ನಿಮ್ಮ ಬೆನ್ನು ಹೋಗುತ್ತದೆ, ಇಳಿಯುವಾಗ ಕುರ್ಚಿ ಕೈಗೆ ನಿಲ್ಲುವುದಿಲ್ಲ. ಅಗಲ ಮೂರು ಅಡಿಗಿಂತ ಕಡಿಮೆ ಬೇಡ, ಎರಡೂ ಅಂಚಿಗೆ ಸಣ್ಣ ಕಟ್ಟೆ, ಒಂದು ಕಡೆಯಾದರೂ ಕಂಬಿ. ನುಣುಪು ಟೈಲ್ಸ್ ಹಾಕಿಸಬೇಡಿ, ಮಳೆಗಾಲದಲ್ಲಿ ಜಾರುತ್ತದೆ. ಜಾಗ ಸಾಲದಿದ್ದರೆ ಗೋಡೆ ಪಕ್ಕ ತಿರುಗಿಸಿ ಎರಡು ತುಂಡು ಮಾಡಬಹುದು, ನಡುವೆ ಕುರ್ಚಿ ತಿರುಗುವಷ್ಟು ಸಮತಟ್ಟು ಇರಬೇಕು. ಮಾವನವರಿಗೆ ಆಗಲೂ ಸಮಾಧಾನ ಇಲ್ಲದಿದ್ದರೆ ಮಡಚಿ ಎತ್ತಿಡುವ ಅಲ್ಯೂಮಿನಿಯಂ ರ‍್ಯಾಂಪ್ ಸಿಗುತ್ತದೆ, ಒಂದೆರಡು ಮೆಟ್ಟಿಲಿಗೆ ಆಗುತ್ತದೆ, ವಾಸ್ತು ನೋಡುವವರು ಬಂದಾಗ ತೆಗೆದಿಡಿ. ಹೇಗೂ ಕಟ್ಟಿಸಿದಿರಿ ಅಂತಾದರೆ ರ‍್ಯಾಂಪಿನ ಮೇಲೆ ಸ್ಕೂಟರ್ ನಿಲ್ಲಿಸಬೇಡಿ ಅಂತ ಮನೆಯವರಿಗೆಲ್ಲ ಮೊದಲೇ ಹೇಳಿಡಿ.